ಬಲ್ಬ್ ಬದಲಿಸುವ ಮೊದಲು ಎಡ-ಬಲ ಅದಲುಬದಲು ಮಾಡಿ ನೋಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ವಾಹನ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಅವರ ಕಾರಿನ ಜೆನಾನ್ ಹೆಡ್‌ಲೈಟ್ ಒಂದು ಕಡೆ ಮಾತ್ರ ಮಿಣುಕುತ್ತಿದೆಯಂತೆ, ಏನು ಮಾಡಬೇಕು ಅಂತ. ಅದಕ್ಕೆ ನಿಮ್ಮ ಅಂಕಣದಲ್ಲಿ ಬಂದ ಉತ್ತರ ಎರಡೇ ಸಾಲು. ಬಲ್ಬಿನ ಆಯಸ್ಸು ಮುಗಿದಿದೆ, ಹೊಸದು ಹಾಕಿಸಿ. ಅದರಿಂದಲೂ ಸರಿಹೋಗದಿದ್ದರೆ ಬ್ಯಾಲಸ್ಟ್ (ಬಲ್ಬಿಗೆ ಬೇಕಾದ ಕರೆಂಟ್ ಒದಗಿಸುವ ಡಬ್ಬಿ) ಬದಲಿಸಿ. ಕೊನೆಗೆ ಬಲ್ಬಿನ ಮಾದರಿ ಬಗ್ಗೆ ಒಂದು ಮಾತು, ಅದರ ವಿಷಯ ಆಮೇಲೆ. ಅಷ್ಟೇ.

ಆ ಎರಡು ಸಾಲಿನ ಪ್ರಕಾರವೇ ನಡೆದುಕೊಂಡು ಕೈ ಸುಟ್ಟುಕೊಂಡವನು ನಾನು. ಹಾಗಾಗಿ ಸುಮ್ನೆ ಇರಲು ಆಗಲಿಲ್ಲ. ಪತ್ರ ಸ್ವಲ್ಪ ಉದ್ದವಾಗುತ್ತೆ, ಕ್ಷಮಿಸಿ. ಜಾಗ ಸಾಲದಿದ್ದರೆ ನನ್ನ ಗೋಳು ಕತ್ತರಿಸಿ, ಪರೀಕ್ಷೆ ಮಾಡುವ ವಿಧಾನ ಮಾತ್ರ ಉಳಿಸಿಕೊಳ್ಳಿ.

ನಾನು ಮೆಕ್ಯಾನಿಕ್ ಅಲ್ಲ. 31 ವರ್ಷ ಟೆಲಿಫೋನ್ ಲೈನ್ ದುರಸ್ತಿ ಮಾಡಿ ನಿವೃತ್ತನಾದವನು. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಫೋನಿನಲ್ಲಿ ಗರಗರ ಸದ್ದು ಅಂತ ದೂರು ಬಂದರೆ ಮೊದಲು ಫೋನ್ ಬದಲಿಸುತ್ತಿರಲಿಲ್ಲ. ಹೆಗಲ ಮೇಲಿನ ಚೀಲದಲ್ಲಿ ಸರಿಯಿದೆ ಅಂತ ಗೊತ್ತಿರುವ ಒಂದು ಫೋನ್ ಇರುತ್ತಿತ್ತು. ಅದನ್ನು ಲೈನಿಗೆ ಸಿಕ್ಕಿಸಿ ಕೇಳುತ್ತಿದ್ದೆವು. ಗರಗರ ಹೋದರೆ ತಪ್ಪು ಮನೆಯ ಫೋನಿನದು. ಹೋಗದಿದ್ದರೆ ಲೈನಿನದು. ಲೈನಿನದಾದರೆ ನೂರಕ್ಕೆ ಎಂಬತ್ತು ಸಲ ಎಲ್ಲೋ ಒಂದು ಜಾಯಿಂಟ್ ಹಸಿರುಗಟ್ಟಿ ಕೂತಿರುತ್ತಿತ್ತು. ಇದು ಅಂಕಿ ಅಂಶವಲ್ಲ, ನನ್ನ ಕೈಬೆರಳಿನ ಅನುಭವ.

ಇಷ್ಟು ಗೊತ್ತಿದ್ದವನು ನನ್ನ ಕಾರಿನ ವಿಷಯದಲ್ಲಿ ಅದನ್ನೇ ಮರೆತೆ. ಅದೇ ನಗು ಬರುವ ಸಂಗತಿ.

ನನ್ನದು 12 ವರ್ಷದ ಹಳೇ ಸೆಡಾನ್. ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ಕಂಪನಿಯಿಂದಲೇ ಜೆನಾನ್ ದೀಪ ಬಂದಿರುವ ಕಾರು, ಡಿ2 ಜಾತಿಯ ಡಿ2ಎಸ್ ಅನ್ನೋ ಮಾದರಿಯ ಬಲ್ಬ್. ಒಂದು ರಾತ್ರಿ ಮಳೆ ನಿಂತ ಮೇಲೆ ಮನೆಗೆ ಬರುತ್ತಿದ್ದೆ. ರಸ್ತೆ ಕೆಟ್ಟಿದ್ದ ಜಾಗದಲ್ಲಿ ಎಡಗಡೆ ದೀಪ ಎರಡು ಸಲ ಅದುರಿ, ಪಕ್ಕನೆ ಆರಿ, ಮತ್ತೆ ನೀಲಿ ಬೆಳಕಿನೊಂದಿಗೆ ಹತ್ತಿತು. ಆರಿದ್ದು ಒಂದು ಸೆಕೆಂಡೂ ಇರಲಿಕ್ಕಿಲ್ಲ. ಅಷ್ಟರಲ್ಲೇ ರಸ್ತೆಯ ಅಂಚು ಮಾಯವಾಯಿತು. ಅಂಚಿನಲ್ಲಿ ಒಬ್ಬರು ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದದ್ದು ದೀಪ ಮತ್ತೆ ಹತ್ತಿದ ಮೇಲೆ ಕಂಡಿತು. ಮನೆ ಸೇರುವವರೆಗೂ ಮೂರನೇ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ ನಾನು.

ಮಾರನೇ ದಿನ ವರ್ಕ್‌ಶಾಪಿಗೆ ಕೊಟ್ಟೆ. ಹೆಸರು ಬೇಡ, ಅವರೇನೂ ಕೆಟ್ಟವರಲ್ಲ. "ಬಲ್ಬ್ ಹೋಗಿದೆ ಸಾರ್" ಅಂದರು. ಎಡಗಡೆಗೆ ಹೊಸ ಬಲ್ಬ್ ಹಾಕಿದರು. ಮೂರು ದಿನ ದೀಪ ಗಟ್ಟಿಯಾಗಿ ಉರಿಯಿತು. ನಾಲ್ಕನೇ ದಿನ ಮತ್ತೆ ಅದೇ ಕಥೆ. ಎರಡನೇ ಸಲ "ಹಾಗಾದ್ರೆ ಬ್ಯಾಲಸ್ಟೇ" ಅಂದರು. ಬ್ಯಾಲಸ್ಟ್ ಬದಲಾಯಿತು. ಒಂಬತ್ತು ದಿನ ಚೆನ್ನಾಗಿತ್ತು, ಹತ್ತನೇ ದಿನ ಮಿಣುಕ್ ಮಿಣುಕ್. ಮೂರನೇ ಸಲ ಹೋದಾಗ "ಇಡೀ ಹೆಡ್‌ಲೈಟ್ ಅಸೆಂಬ್ಲಿ ಬದಲಿಸಬೇಕು ಸಾರ್" ಅಂದರು. ಬೆಲೆ ಕೇಳಿ ಕೀ ವಾಪಸ್ ಇಸ್ಕೊಂಡು ಬಂದೆ.

ಆ ಮೂರು ದಿನ, ಒಂಬತ್ತು ದಿನದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಅದರ ಗುಟ್ಟು ಆಮೇಲೆ ಹೇಳುತ್ತೇನೆ.

ಜೆನಾನ್ ದೀಪ ಹೇಗೆ ಉರಿಯುತ್ತೆ ಅಂತ ಸ್ವಲ್ಪ ಗೊತ್ತಿದ್ದರೆ ಉಳಿದದ್ದು ಅರ್ಥವಾಗುತ್ತೆ. ಶಾಲೆ ಪುಸ್ತಕದಲ್ಲಿ ಕ್ಸೆನಾನ್ ಅಂತ ಇರುತ್ತೆ, ಗ್ಯಾರೇಜಿನಲ್ಲಿ ಜೆನಾನ್ ಅಥವಾ ಎಚ್‌ಐಡಿ ಅನ್ನುತ್ತಾರೆ. 1898ರಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಕಂಡುಹಿಡಿದ ಅನಿಲ ಅದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ 'ಅಪರಿಚಿತ' ಅನ್ನೋ ಅರ್ಥ ಇದೆ. ಕಾರಿನ ಹೆಡ್‌ಲೈಟಿಗೆ ಬಂದಿದ್ದು 1991ರಲ್ಲಿ, ಬಿಎಂಡಬ್ಲ್ಯು 7 ಸರಣಿಯ ಕಾರಿನಲ್ಲಿ. ಅಷ್ಟು ವರ್ಷ ಕಳೆದರೂ ಅದು ನಮ್ಮ ಗ್ಯಾರೇಜುಗಳಿಗೆ ಇನ್ನೂ ಅಪರಿಚಿತನೇ ಅನ್ನಿಸುತ್ತೆ ಒಮ್ಮೊಮ್ಮೆ.

ಮಾಮೂಲಿ ಹ್ಯಾಲೊಜನ್ ಬಲ್ಬಿನಲ್ಲಿ ಕಾದು ಕೆಂಪಾಗುವ ಒಂದು ತಂತಿ ಇರುತ್ತೆ. ಜೆನಾನ್ ಬಲ್ಬಿನಲ್ಲಿ ಆ ತಂತಿಯೇ ಇಲ್ಲ. ಕ್ವಾರ್ಟ್ಜ್ ಗಾಜಿನ ಒಂದು ಪುಟ್ಟ ಗುಳ್ಳೆ. ಅದರೊಳಗೆ ಎದುರುಬದುರು ಎರಡು ಟಂಗ್‌ಸ್ಟನ್ ಮೊನೆ, ನಡುವೆ ಸುಮಾರು 4 ಮಿಲಿಮೀಟರ್ ಅಂತರ. ಆ ಅಂತರದಲ್ಲಿ ಒಂದು ಕಿಡಿ ಹಾರಿ, ಹಾರುತ್ತಲೇ ನಿಲ್ಲುತ್ತೆ. ಗುಳ್ಳೆಯಲ್ಲಿ ಬಂಧಿಸಿಟ್ಟ ಪುಟಾಣಿ ವೆಲ್ಡಿಂಗ್ ಅನ್ನಿ. ಮೊದಲ ಕಿಡಿ ಹಾರಿಸಲು 20 ಸಾವಿರ ವೋಲ್ಟಿಗೂ ಜಾಸ್ತಿ ಬೇಕು. ಹತ್ತಿದ ಮೇಲೆ ಡಿ1, ಡಿ2 ಮಾದರಿ ಬಲ್ಬಿಗೆ ಸುಮಾರು 85 ವೋಲ್ಟ್ ಸಾಕು, ಪಾದರಸ ಇಲ್ಲದ ಡಿ3, ಡಿ4 ಬಲ್ಬಿಗೆ ಸುಮಾರು 42 ವೋಲ್ಟ್. ಬ್ಯಾಟರಿಯ 12 ವೋಲ್ಟನ್ನು ಹೀಗೆಲ್ಲ ಬದಲಿಸಿ ಕೊಡುವ ಚಪ್ಪಟೆ ಡಬ್ಬಿಯೇ ಬ್ಯಾಲಸ್ಟ್. ಮೊದಲ ಏಟು ಕೊಡುವುದು ಇಗ್ನೈಟರ್. ಡಿ1, ಡಿ3ರಲ್ಲಿ ಇಗ್ನೈಟರ್ ಬಲ್ಬಿನ ಬುಡದಲ್ಲೇ ಅಂಟಿರುತ್ತೆ. ಡಿ2, ಡಿ4ರಲ್ಲಿ ಬೇರೆ ಇರುತ್ತೆ.

ಬ್ಯಾಲಸ್ಟಿಗೆ ಒಂದು ಹಟ ಇದೆ. ಬಲ್ಬಿಗೆ 35 ವಾಟ್ ಕೊಡಲೇಬೇಕು ಅನ್ನೋ ಹಟ. ಬರುವ ವೋಲ್ಟೇಜ್ ಕಮ್ಮಿಯಾದರೆ ಅದು ಸುಮ್ಮನಾಗುವುದಿಲ್ಲ, ಕರೆಂಟ್ ಜಾಸ್ತಿ ಎಳೆಯುತ್ತೆ. ವೈರಿನಲ್ಲಿ ಎಲ್ಲಾದರೂ ಒಂದು ಕೆಟ್ಟ ಜಾಯಿಂಟ್ ಇದ್ದರೆ, ಕರೆಂಟ್ ಜಾಸ್ತಿ ಆದಷ್ಟೂ ಅಲ್ಲಿ ವೋಲ್ಟೇಜ್ ಜಾಸ್ತಿ ಸೋರುತ್ತೆ. ಸೋರಿದಷ್ಟೂ ಬ್ಯಾಲಸ್ಟ್ ಇನ್ನೂ ಎಳೆಯುತ್ತೆ. ಕೊನೆಗೆ ಸಾಕಾಗಿ ಕೈಬಿಡುತ್ತೆ, ಕಿಡಿ ಆರುತ್ತೆ, ಮತ್ತೆ ಮೊದಲಿನಿಂದ ಹತ್ತಿಸಲು ನೋಡುತ್ತೆ. ಇದೇ ಜಾಯಿಂಟಿನಲ್ಲಿ ಹ್ಯಾಲೊಜನ್ ಬಲ್ಬ್ ಇದ್ದಿದ್ದರೆ ಸ್ವಲ್ಪ ಹಳದಿಯಾಗಿ, ಮಂಕಾಗಿ ಉರಿಯುತ್ತಿತ್ತು ಅಷ್ಟೇ. ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಜೆನಾನ್ ಮಾತ್ರ ಗಲಾಟೆ ಮಾಡಿ ಹೇಳುತ್ತೆ.

ಹತ್ತಿದ ಮೊದಲ ಕೆಲವು ಸೆಕೆಂಡು ಬಣ್ಣ ಬದಲಾಗುವುದು, ನೀಲಿಯಿಂದ ಬಿಳಿಗೆ ತಿರುಗುವುದು ರೋಗ ಅಲ್ಲ. ಬಲ್ಬ್ ಕಾಯುವ ರೀತಿ ಅದು. ಆ ಹೊತ್ತಿನಲ್ಲಿ ಬೇಗ ಕಾಯಲಿ ಅಂತ ಬ್ಯಾಲಸ್ಟ್ 35 ವಾಟಿನ ಸುಮಾರು ಎರಡರಷ್ಟು ಕೊಡುತ್ತೆ. ಅಂದರೆ ವೈರಿನ ಮೇಲೆ ಹೊರೆ ಬೀಳುವುದು ಆಗಲೇ. ಪರೀಕ್ಷೆ ಮಾಡಬೇಕಾದದ್ದೂ ಆಗಲೇ.

ಈಗ ನನ್ನ ಕಥೆಗೆ ಬರುತ್ತೇನೆ. ಕೀ ವಾಪಸ್ ತಂದ ಸಂಜೆ ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ದೀಪ ಹತ್ತಿಸುತ್ತಾ ಆರಿಸುತ್ತಾ ಕೂತಿದ್ದೆ. ಹೆಂಡತಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. "ರೀ, ದೊಡ್ಡ ದೀಪ ಹತ್ತುವಾಗ ಆ ಕಡೆ ಚಿಕ್ಕ ದೀಪಾನೂ ಮಂಕಾಗುತ್ತಲ್ಲ?" ಅಂದಳು. ನಾನು ಇಳಿದು ಬಂದು ನೋಡಿದೆ. ಹೌದು. ಎಡಗಡೆ ಪಾರ್ಕಿಂಗ್ ದೀಪ ಹೆಡ್‌ಲೈಟ್ ಹತ್ತುವ ಕ್ಷಣ ಕುಗ್ಗಿ ಮತ್ತೆ ಎದ್ದುಕೊಳ್ಳುತ್ತಿತ್ತು. ಬಲಗಡೆಯದು ಕದಲುತ್ತಿರಲಿಲ್ಲ.

ನನಗೆ ನಾಚಿಕೆಯಾಯಿತು. ಪಾರ್ಕಿಂಗ್ ದೀಪಕ್ಕೂ ಜೆನಾನ್ ಬಲ್ಬಿಗೂ ಸಂಬಂಧ ಇಲ್ಲ, ಬ್ಯಾಲಸ್ಟಿಗೂ ಇಲ್ಲ. ಎರಡೂ ದೀಪ ಹಂಚಿಕೊಳ್ಳುವುದು ಒಂದನ್ನೇ, ವಾಪಸ್ ಹೋಗುವ ಅರ್ಥಿಂಗ್ ವೈರನ್ನು. ಮೂವತ್ತೊಂದು ವರ್ಷ ಲೈನ್ ನೋಡಿದವನಿಗೆ ಅದು ಹೊಳೆಯಲಿಲ್ಲ, ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದವಳಿಗೆ ಕಂಡಿತು.

ಆದರೂ ಊಹೆ ಮೇಲೆ ಹೋಗಬಾರದು ಅಂತ ಮೊದಲು ಅದಲುಬದಲು ಮಾಡಿದೆ. ಪ್ರಶ್ನೆ ಕೇಳಿದ ಓದುಗರು ಮೊದಲು ಮಾಡಬೇಕಾದದ್ದು ಇದನ್ನೇ. ಒಂದು ಪೈಸೆ ಖರ್ಚಿಲ್ಲ. ಎಡಗಡೆ ಬಲ್ಬ್ ಬಲಕ್ಕೆ, ಬಲಗಡೆಯದು ಎಡಕ್ಕೆ. ಮಿಣುಕು ಬಲ್ಬಿನ ಜೊತೆ ಆ ಕಡೆ ಹೋದರೆ ಬಲ್ಬ್ ಕೆಟ್ಟಿದೆ. ಇದ್ದ ಕಡೆಯೇ ಉಳಿದರೆ ಬಲ್ಬ್ ಬಚಾವ್. ಆಮೇಲೆ ಹೀಗೇ ಬ್ಯಾಲಸ್ಟ್, ಇಗ್ನೈಟರ್. ಅವು ಬದಲಾದ ಮೇಲೂ ಮಿಣುಕು ಜಾಗ ಬಿಡಲಿಲ್ಲ ಅಂದರೆ ಉಳಿಯುವುದು ವೈರಿಂಗ್ ಒಂದೇ.

ನನ್ನ ಕಾರಿನಲ್ಲಿ ಬಲ್ಬ್ ಬದಲಾಯಿಸಿದೆ, ಮಿಣುಕು ಎಡಗಡೆಯೇ ಉಳಿಯಿತು. ಬ್ಯಾಲಸ್ಟ್ ಬದಲಾಯಿಸಿದೆ, ಎಡಗಡೆಯೇ. ಬ್ಯಾಲಸ್ಟ್ ತೆಗೆಯಲು ಹೆಡ್‌ಲೈಟ್ ಪೂರಾ ಹೊರಗೆ ಎಳೆಯಬೇಕು, ಅದಕ್ಕೆ ಮುಂದಿನ ಬಂಪರ್ ಸಡಿಲ ಮಾಡಬೇಕು. ಅರ್ಧ ದಿನ ಹೋಯಿತು, ಒಂದು ಕ್ಲಿಪ್ಪೂ ಮುರಿಯಿತು. ಅದನ್ನು ಒಪ್ಪಿಕೊಳ್ಳುತ್ತೇನೆ.

ಅಲ್ಲಿ ಕೈ ಹಾಕುವವರಿಗೆ ಒಂದು ಎಚ್ಚರಿಕೆ. ಇದು ಆಟದ ಸಾಮಾನಲ್ಲ. 20 ಸಾವಿರ ವೋಲ್ಟ್ ಅನ್ನುವುದು ಹೆದರಿಸಲು ಹೇಳಿದ ಮಾತಲ್ಲ. ದೀಪ ಆರಿಸಿ, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಲ್ಬ್ ತಣ್ಣಗಾಗುವವರೆಗೆ ಕಾಯಿರಿ. ಬಲ್ಬಿನ ಗಾಜು ಮುಟ್ಟಬೇಡಿ, ಬುಡ ಹಿಡಿಯಿರಿ. ಬೆರಳಿನ ಎಣ್ಣೆ ಅಂಶ ಗಾಜಿಗೆ ಅಂಟಿ, ಕಾದಾಗ ಅಲ್ಲೇ ಹಾನಿ ಮಾಡುತ್ತೆ. ಒಳಗೆ ಒತ್ತಡ ಇರುವುದರಿಂದ ಕನ್ನಡಕ ಹಾಕಿಕೊಳ್ಳಿ. ಬಲ್ಬನ್ನು ದೀಪದ ಹೊರಗೆ ಹಿಡಿದುಕೊಂಡು ಹತ್ತಿಸಿ ನೋಡುವ ಸಾಹಸ ಯಾರೂ ಮಾಡಬೇಡಿ. ಡಿ1, ಡಿ2 ಒಡೆದರೆ ಪಾದರಸ ಹೊರಗೆ ಬರುತ್ತೆ, ಕಿಟಕಿ ಬಾಗಿಲು ತೆರೆದು ಆಚೆ ಬನ್ನಿ. ಇಷ್ಟು ಮಾಡಲು ಧೈರ್ಯ ಇಲ್ಲದವರು ಮೆಕ್ಯಾನಿಕ್ ಹತ್ತಿರವೇ ಮಾಡಿಸಿ, ಆದರೆ "ಮೊದಲು ಎಡ-ಬಲ ಬದಲಿಸಿ ತೋರಿಸಪ್ಪಾ" ಅಂತ ಕೇಳಿ. ಪಕ್ಕದಲ್ಲೇ ನಿಲ್ಲಿ.

ಆಮೇಲೆ ಮೀಟರ್ ತೆಗೆದೆ. ಮಾಮೂಲಿ ಮಲ್ಟಿಮೀಟರ್. ಬ್ಯಾಟರಿಯಲ್ಲಿ ಎಂಜಿನ್ ಆಫ್ ಇದ್ದಾಗ 12.6, ಎಂಜಿನ್ ಓಡುವಾಗ 14.1. ಅಂದರೆ ಬ್ಯಾಟರಿಯೂ ಸರಿ, ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರೂ ಸರಿ. ಇಲ್ಲಿ ಎಷ್ಟೋ ಜನ ತಪ್ಪುವ ಒಂದು ವಿಷಯ ಇದೆ. ದೀಪದ ಪ್ಲಗ್ ಬಿಚ್ಚಿ, ಅದರ ಎರಡು ಪಿನ್ನಿಗೆ ಮೀಟರ್ ಇಟ್ಟು "12 ವೋಲ್ಟ್ ಬರ್ತಾ ಇದೆ, ವೈರಿಂಗ್ ಓಕೆ" ಅನ್ನುತ್ತಾರೆ. ನನ್ನ ಕಾರಿನಲ್ಲೂ ವರ್ಕ್‌ಶಾಪಿನ ಹುಡುಗ ಅದನ್ನೇ ಮಾಡಿದ್ದ. ಹೊರೆ ಇಲ್ಲದ ವೈರಿನಲ್ಲಿ ಕರೆಂಟೇ ಹರಿಯುವುದಿಲ್ಲ. ಕೂದಲೆಳೆಯಷ್ಟು ಸಂಪರ್ಕ ಇದ್ದರೂ ಮೀಟರ್ 12 ತೋರಿಸುತ್ತೆ. ದೀಪ ಉರಿಯುತ್ತಿರುವಾಗ ಅಳೆಯಬೇಕು.

ಅಳೆಯುವುದು ಕಷ್ಟ ಏನಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ಇನ್ನೊಂದು ಕಡ್ಡಿ ಬ್ಯಾಲಸ್ಟಿಗೆ ಹೋಗುವ ಅರ್ಥ್ ವೈರಿಗೆ, ಪ್ಲಗ್ ಬಿಚ್ಚದೆ ಹಿಂದಿನಿಂದ ಚುಚ್ಚಿ. ಬ್ಯಾಲಸ್ಟಿಗೆ ಒಳಹೋಗುವ 12 ವೋಲ್ಟಿನ ಕಡೆ ಮಾತ್ರ. ಬಲ್ಬಿನ ಕಡೆ ಹೋಗುವ ದಪ್ಪ ವೈರಿನ ಹತ್ತಿರ ಮೀಟರ್ ಒಯ್ಯಲೇಬೇಡಿ, ಮೀಟರೂ ಉಳಿಯಲ್ಲ ನೀವೂ ಉಳಿಯಲ್ಲ. ಆಮೇಲೆ ಇನ್ನೊಬ್ಬರಿಗೆ ದೀಪ ಹತ್ತಿಸಲು ಹೇಳಿ. ಸಂಪರ್ಕ ಸರಿಯಿದ್ದರೆ ಮೀಟರ್ 0.1, ಹೆಚ್ಚೆಂದರೆ 0.2 ವೋಲ್ಟ್ ತೋರಿಸಬೇಕು.

ಹೆಂಡತಿ ಸ್ವಿಚ್ ಹಾಕಿದಳು. ಮೀಟರ್ ಸೀದಾ 3ರ ಹತ್ತಿರ ಹೋಗಿ, ದೀಪ ಕಾಯುತ್ತಾ ಬಂದಂತೆ ಇಳಿದು 1.1ರಲ್ಲಿ ನಿಂತಿತು. ಬಾನೆಟ್ ಮೇಲೆ ಕೈಯಿಂದ ಗುದ್ದಿದೆ. ಅಂಕಿ ಕುಣಿಯಿತು, ಗೋಡೆ ಮೇಲಿನ ಬೆಳಕೂ ಕುಣಿಯಿತು. ಪಾಸಿಟಿವ್ ಕಡೆಯೂ ಹೀಗೇ ನೋಡಿದೆ, ಅಲ್ಲಿ ಬರೀ 0.15.

ಅರ್ಥ್ ವೈರನ್ನು ಕೈಯಲ್ಲಿ ಹಿಡಿದು ಹಿಂಬಾಲಿಸಿಕೊಂಡು ಹೋದೆ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ, ಬಾಡಿಗೆ ಒಂದು ಬೋಲ್ಟಿನಲ್ಲಿ ಬಿಗಿದಿತ್ತು. ಬೋಲ್ಟ್ ಬಿಚ್ಚಿದಾಗ ಎಲ್ಲಾ ಗೊತ್ತಾಯಿತು. ವೈರಿನ ಉಂಗುರದ ಕೆಳಗೆ ಲೋಹ ಕಾಣುತ್ತಲೇ ಇಲ್ಲ, ಬಣ್ಣ! ಹಿಂದಿನ ಮಾಲೀಕರ ಕಾಲದಲ್ಲಿ ಎಡಗಡೆ ಎಲ್ಲೋ ಗುದ್ದಿ, ತಗಡು ಸರಿಮಾಡಿ, ಅರ್ಥ್ ಜಾಗಕ್ಕೂ ಸೇರಿಸಿ ಬಣ್ಣ ಹೊಡೆದು, ಅದರ ಮೇಲೆ ಉಂಗುರ ಬಿಗಿದಿದ್ದರು. ಬೋಲ್ಟಿನ ಎಳೆಗಳ ಮೂಲಕ ಹೇಗೋ ಇಷ್ಟು ದಿನ ಕರೆಂಟ್ ದಾಟುತ್ತಿತ್ತು. ಈಗ ಆ ಎಳೆಗೂ ತುಕ್ಕು, ಸುತ್ತ ಹಸಿರು ಪುಡಿ. ಆ ಹಸಿರು ನನಗೆ ಹಳೇ ನೆಂಟ.

ಮೂರು ದಿನ, ಒಂಬತ್ತು ದಿನದ ಗುಟ್ಟು ಇದೇ. ವರ್ಕ್‌ಶಾಪಿನವರು ಪ್ರತಿ ಸಲ ಕೈ ಹಾಕಿದಾಗಲೂ ಬ್ಯಾಟರಿ ಸರಿಸಿದ್ದಾರೆ, ವೈರಿನ ಕಟ್ಟು ಎಳೆದಾಡಿದ್ದಾರೆ. ಉಂಗುರ ಸ್ವಲ್ಪ ತಿರುಗಿ ಹೊಸ ಜಾಗದಲ್ಲಿ ಲೋಹ ತಾಗಿದೆ. ಕೆಲವು ದಿನ ಸರಿ. ಆಮೇಲೆ ಕಾರಿನ ಕುಲುಕಾಟಕ್ಕೆ ಮತ್ತೆ ಸಡಿಲ. ಅವರು ಹೊಸ ಬಲ್ಬಿನಿಂದ ಸರಿಹೋಯಿತು ಅಂದುಕೊಂಡರು, ನಾನೂ ಅಂದುಕೊಂಡೆ. ಬಿಟ್ಟು ಬಿಟ್ಟು ಬರುವ ರೋಗದಲ್ಲಿ ಯಾವ ಔಷಧ ಕೊಟ್ಟರೂ ಎರಡು ದಿನ ಗುಣ ಕಾಣುತ್ತೆ, ಅಲ್ವಾ? ಟೆಲಿಫೋನ್ ಲೈನಿನಲ್ಲೂ ಹೀಗೇ. ಜಾಯಿಂಟ್ ಮುಟ್ಟಿ ಬಂದರೆ ಸಾಕು, ಒಂದು ವಾರ ದೂರು ಬರುತ್ತಿರಲಿಲ್ಲ.

ಮರಳು ಕಾಗದದಿಂದ ಬಣ್ಣ ಕೆರೆದು ತಗಡು ಹೊಳೆಯುವ ಹಾಗೆ ಮಾಡಿದೆ. ಉಂಗುರವನ್ನೂ ಉಜ್ಜಿದೆ. ಹೊಸ ಬೋಲ್ಟ್, ಹಲ್ಲಿರುವ ವಾಷರ್ ಹಾಕಿ ಬಿಗಿದೆ. ನೀರು ಇಳಿಯದಂತೆ ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಮೀಟರ್ ಇಟ್ಟರೆ 0.05. ಹತ್ತುವ ಕ್ಷಣದಲ್ಲೂ 0.15 ದಾಟಲಿಲ್ಲ. ಪಾರ್ಕಿಂಗ್ ದೀಪ ಕದಲಲಿಲ್ಲ. ಇದು ನಡೆದು ಎಂಟು ತಿಂಗಳಾಯಿತು, ಒಂದು ಪೂರ್ತಿ ಮಳೆಗಾಲ ಕಳೆಯಿತು. ಒಂದು ಸಲವೂ ಮಿಣುಕಿಲ್ಲ.

ಹಾಗಂತ ಎಲ್ಲರ ಕಾರಿನಲ್ಲೂ ಅರ್ಥ್ ಬೋಲ್ಟೇ ಕೆಟ್ಟಿರುತ್ತೆ ಅಂತ ನಾನು ಹೇಳಿದರೆ ನಿಮ್ಮ ಅಂಕಣಕಾರರ ತಪ್ಪನ್ನೇ ಮಾಡಿದ ಹಾಗಾಗುತ್ತೆ. ಬಲ್ಬ್ ಕೆಡುವುದೂ ಉಂಟು. ಜೆನಾನ್ ಬಲ್ಬ್ ಸಾಮಾನ್ಯವಾಗಿ ಎರಡು ಸಾವಿರ ಗಂಟೆಗೂ ಹೆಚ್ಚು ಬಾಳುತ್ತೆ, ಮುದಿಯಾದಾಗ ಮೊದಲು ಬಣ್ಣದಲ್ಲಿ ತಿಳಿಸುತ್ತೆ. ಬಿಳಿ ಹೋಗಿ ಗುಲಾಬಿ ಅಥವಾ ನೇರಳೆ ಕಡೆ ತಿರುಗುತ್ತೆ. ಅದರ ಮಿಣುಕು ಕೂಡ ಬೇರೆ ತರಹ. ತಣ್ಣಗಿದ್ದಾಗ ಚೆನ್ನಾಗಿ ಹತ್ತಿ, ಹತ್ತು ನಿಮಿಷ ಉರಿದು ಕಾದ ಮೇಲೆ ಆರಿಹೋಗುತ್ತೆ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸ್ವಲ್ಪ ಹೊತ್ತು ಉರಿಯುತ್ತೆ. ವಯಸ್ಸಾದಂತೆ ಬಲ್ಬ್ ಕೇಳುವ ವೋಲ್ಟೇಜ್ ಏರುತ್ತಾ ಹೋಗಿ, ಒಂದು ಹಂತದಲ್ಲಿ ಬ್ಯಾಲಸ್ಟ್ ಅದನ್ನು ಪೂರೈಸಲಾಗದೆ ನಿಲ್ಲುತ್ತೆ. ರಸ್ತೆಯ ಕುಲುಕಾಟಕ್ಕೆ ಮಿಣುಕಿದರೆ ಮಾತ್ರ ಜಾಯಿಂಟಿನ ಮೇಲೆ, ಇಲ್ಲವೇ ಬಲ್ಬ್ ಸರಿಯಾಗಿ ಕೂತಿಲ್ಲವೇ ಅಂತ ಅನುಮಾನ ಪಡಿ.

ಎರಡೂ ಕಡೆ ಒಟ್ಟಿಗೆ ಅದುರಿದರೆ ಬಲ್ಬ್ ತಂಟೆಗೆ ಹೋಗಲೇಬೇಡಿ. ಎರಡು ಬಲ್ಬ್ ಮಾತಾಡಿಕೊಂಡು ಒಂದೇ ದಿನ ಕೆಡುವುದಿಲ್ಲ. ಬ್ಯಾಟರಿ, ಆಲ್ಟರ್ನೇಟರ್ ನೋಡಿ.

ಮಳೆ ಬಂದಾಗ, ಕಾರು ತೊಳೆಸಿದ ಮೇಲೆ ಮಾತ್ರ ಕಾಟ ಕೊಟ್ಟರೆ ನೀರು ಒಳಗೆ ಹೋಗಿದೆ. ಬಲ್ಬ್ ಹಾಕಿ ಹಿಂದಿನ ಮುಚ್ಚಳವನ್ನು ಸರಿಯಾಗಿ ಕೂರಿಸದೇ ಇರುವುದು ಇದಕ್ಕೆ ದೊಡ್ಡ ಕಾರಣ. ರಬ್ಬರ್ ಮಡಚಿಕೊಂಡಿರುತ್ತೆ, ಯಾರೂ ನೋಡಿರುವುದಿಲ್ಲ. ಎಷ್ಟೋ ಕಾರುಗಳಲ್ಲಿ ಬ್ಯಾಲಸ್ಟ್ ಇರುವುದೇ ದೀಪದ ತಳದಲ್ಲಿ. ಇಳಿದ ನೀರೆಲ್ಲ ಅದರ ತಲೆಯ ಮೇಲೆ. ಪ್ಲಗ್ ಬಿಚ್ಚಿದಾಗ ಪಿನ್ನಿನಲ್ಲಿ ಹಸಿರು ಬಿಳಿ ಪುಡಿ ಕಂಡರೆ ಕಥೆ ಗೊತ್ತಾಗುತ್ತೆ.

ಬಲ್ಬೇ ಹೋಗಿದ್ದರೆ ಜೋಡಿಯಾಗಿ ಬದಲಿಸಿ. ಇದು ವ್ಯಾಪಾರಿ ಮಾತಲ್ಲ. ನನ್ನ ಕಾರಿನಲ್ಲಿ ಒಂದು ಹಳೇದು ಒಂದು ಹೊಸದು ಇದ್ದಾಗ ಗೋಡೆ ಮೇಲೆ ಎರಡು ಬಣ್ಣ ಕಾಣುತ್ತಿತ್ತು. ಒಂದು ಕಣ್ಣು ಬಂದವರ ಹಾಗೆ. ಅರ್ಥ್ ಸರಿಮಾಡಿದ ಮೇಲೆ ಹಳೇ ಎಡಗಡೆ ಬಲ್ಬನ್ನೇ ವಾಪಸ್ ಹಾಕಿದೆ. ಅದು ಕೆಟ್ಟಿರಲೇ ಇಲ್ಲವಲ್ಲ. ಬಲ್ಬ್ ಅಥವಾ ದೀಪ ಬಿಚ್ಚಿ ಹಾಕಿದ ಮೇಲೆ ಬೆಳಕಿನ ಎತ್ತರ ಹೊಂದಿಸುವುದನ್ನು ಮರೆಯಬೇಡಿ.

ನಿಮ್ಮ ಉತ್ತರದ ಕೊನೆಗೆ "ಡಿ2ಎಸ್ ಸಿಗದಿದ್ದರೆ ಡಿ4ಎಸ್ ಹಾಕಬಹುದು" ಅಂತ ಒಂದು ಮಾತಿತ್ತು. ದಯವಿಟ್ಟು ಇದನ್ನು ತಿದ್ದಿ. ನೋಡಲು ಒಂದೇ ತರಹ ಇದ್ದರೂ ಒಂದು 85 ವೋಲ್ಟಿನದು, ಇನ್ನೊಂದು 42 ವೋಲ್ಟಿನದು. ತಪ್ಪಿ ಹಾಕಬಾರದು ಅಂತಲೇ ಬುಡದ ಕಚ್ಚುಗಳನ್ನು ಬೇರೆ ಬೇರೆ ಮಾಡಿರುತ್ತಾರೆ. ಅದನ್ನು ಅರದಿಂದ ಉಜ್ಜಿ ಕೂರಿಸುವ ಶೂರರೂ ಇದ್ದಾರೆ. ನಿಮ್ಮ ಸಾಲು ಓದಿ ಅವರಿಗೆ ಇನ್ನೂ ಧೈರ್ಯ ಬಂದಿರುತ್ತೆ.

ಹೊರಗಿನಿಂದ ಜೆನಾನ್ ಕಿಟ್ ತಂದು ಹಾಕಿಕೊಂಡವರ ಮಿಣುಕು ಬೇರೆಯೇ ಜಾತಿ. ನಮ್ಮ ಪಕ್ಕದ ಮನೆ ಹುಡುಗ ಹ್ಯಾಲೊಜನ್ ಕಾರಿಗೆ ಇಂಥ ಕಿಟ್ ಹಾಕಿಸಿ, ಮಿಣುಕುತ್ತಿದೆ ಅಂತ "ಅಂಕಲ್, ನೀವು ನಿಮ್ದು ಸರಿ ಮಾಡ್ಕೊಂಡ್ರಲ್ಲ, ನಂದೂ ನೋಡಿ" ಅಂತ ಬಂದ. ಕೆಲವು ಕಾರುಗಳ ಕಂಪ್ಯೂಟರ್ ಹೆಡ್‌ಲೈಟಿಗೆ ಕರೆಂಟನ್ನು ಒಂದೇ ಸಮನೆ ಕೊಡುವುದಿಲ್ಲ, ತುಂಡು ತುಂಡಾಗಿ, ತುಂಬಾ ವೇಗವಾಗಿ ಕೊಡುತ್ತೆ. ಹ್ಯಾಲೊಜನ್ ತಂತಿ ಆ ನಡುವಿನ ಬಿಡುವಿನಲ್ಲಿ ತಣ್ಣಗಾಗುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಬ್ಯಾಲಸ್ಟಿಗೆ ಮಾತ್ರ ಪ್ರತಿ ತುಂಡೂ ಆನ್-ಆಫ್ ಹಾಗೆ ಕಾಣುತ್ತೆ. ರಿಲೇ (ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್) ಹಾಕಿ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರೆ ಮಿಣುಕು ನಿಲ್ಲುತ್ತೆ.

ಗೊತ್ತಿದ್ದೂ ನಾನು ಹಾಕಿಕೊಡಲಿಲ್ಲ. ಕಿಟ್ ತೆಗೆಸು ಅಂದೆ. ತಂತಿ ಬಲ್ಬಿಗಾಗಿ ಮಾಡಿದ ಕನ್ನಡಿಯಲ್ಲಿ ಕಿಡಿ ಬಲ್ಬ್ ಇಟ್ಟರೆ ಬೆಳಕು ಎಲ್ಲೆಲ್ಲಿಗೋ ಚೆಲ್ಲುತ್ತೆ, ಎದುರಿಗೆ ಬರುವವರ ಕಣ್ಣಿಗೆ ಮೊದಲು. ಎಚ್7 ಹ್ಯಾಲೊಜನ್ ಸುಮಾರು 1500 ಲುಮೆನ್ (ಬೆಳಕಿನ ಅಳತೆ) ಕೊಟ್ಟರೆ ಡಿ2ಎಸ್ ಸುಮಾರು 3200. 2000 ಲುಮೆನ್ ದಾಟುವ ಹೆಡ್‌ಲೈಟಿಗೆ ತಾನಾಗಿ ಎತ್ತರ ಹೊಂದಿಸಿಕೊಳ್ಳುವ ವ್ಯವಸ್ಥೆ ಮತ್ತು ಗಾಜು ತೊಳೆಯುವ ವಾಷರ್ ಬೇಕು ಅಂತ ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಇಟ್ಟಿದ್ದು ಸುಮ್ನೆ ಅಲ್ಲ. ಹುಡುಗನಿಗೆ ಬೇಜಾರಾಯಿತು. ಎರಡು ವಾರ ಮುಖ ತಿರುಗಿಸಿಕೊಂಡು ಓಡಾಡಿದ. ಈಗ ಮಾತಾಡುತ್ತಾನೆ. ಕಿಟ್ ಇನ್ನೂ ತೆಗೆಸಿಲ್ಲ.

ಕೊನೆಯದಾಗಿ, ಪ್ರಶ್ನೆ ಕೇಳಿದ ಆ ಓದುಗರಿಗೆ ಒಂದು ಮಾತು. ನನಗೆ ಬೇಡದೇ ಇದ್ದ ಆ ಹೊಸ ಬಲ್ಬ್, ಜೊತೆಗೆ ಕೆಟ್ಟಿದೆ ಅಂತ ತೆಗೆದ ಆದರೆ ಚೆನ್ನಾಗಿಯೇ ಇರುವ ಹಳೇ ಬ್ಯಾಲಸ್ಟ್, ಎರಡೂ ಒಂದು ಡಬ್ಬಿಯಲ್ಲಿ ನನ್ನ ಹತ್ತಿರ ಇವೆ. ಅವರ ಕಾರಿನದೂ ಡಿ2ಎಸ್ ಆಗಿದ್ದು, ಬ್ಯಾಲಸ್ಟೂ ಹೊಂದುವಂತಿದ್ದರೆ ಪರೀಕ್ಷೆ ಮಾಡಲು ಒಯ್ಯಬಹುದು. ನಿಮ್ಮ ಕಚೇರಿಗೆ ತಿಳಿಸಿದರೆ ನಾನು ತಲುಪಿಸುತ್ತೇನೆ. ಪರೀಕ್ಷೆ ಮುಗಿದ ಮೇಲೆ ಎರಡೂ ವಾಪಸ್ ಬೇಕು, ನನ್ನ ಬಲಗಡೆ ಬಲ್ಬಿಗೂ ವಯಸ್ಸಾಗುತ್ತಿದೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಟೆಲಿಫೋನ್ ಲೈನ್ ಕೆಲಸಗಾರ